ಅಮ್ಮನ ಆರೈಕೆ 14ರ ಮಗಳ ಹೆಗಲ ಮೇಲೆ: ಯಾವ ಭಾರ ಮೊದಲು ಇಳಿಸಬೇಕು?

ಪ್ರಶ್ನೆ: ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು ಮತ್ತು ಬೆನ್ನುಹುರಿಯ ನರಗಳಿಗೆ ಹಾನಿ ಮಾಡೋ ಕಾಯಿಲೆ) ಇದೆ, ನಾಲ್ಕು ವರ್ಷ ಆಯಿತು. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತೇನೆ. ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳೋಕೆ, ರಾತ್ರಿ ಬಾತ್‌ರೂಮಿಗೆ ಹೋಗೋಕೆ ಜೊತೆಗೆ ಒಬ್ಬರು ಬೇಕು. ಯಜಮಾನರಿಗೆ ವಾರದಲ್ಲಿ ಐದು ದಿನ ರಾತ್ರಿ ಪಾಳಿ. ಹಾಗಾಗಿ 14 ವರ್ಷದ ಮಗಳೇ ಎಲ್ಲ ನೋಡಿಕೊಳ್ಳುತ್ತಾಳೆ. ರಾತ್ರಿ ಎರಡು ಮೂರು ಸಲ ಏಳುತ್ತಾಳೆ, ನನ್ನ ಮಾತ್ರೆಗಳ ಲೆಕ್ಕ ಇಡುತ್ತಾಳೆ, ಬೆಳಿಗ್ಗೆ 9 ವರ್ಷದ ತಮ್ಮನನ್ನು ರೆಡಿ ಮಾಡಿ ಸ್ಕೂಲಿಗೆ ಹೊರಡಿಸುತ್ತಾಳೆ. ಒಂದು ದಿನವೂ ಮುಖ ಗಂಟು ಹಾಕಿಕೊಂಡಿಲ್ಲ. ಮಾರ್ಕ್ಸ್ ಕೂಡ ಚೆನ್ನಾಗಿದೆ. ಆದರೆ ಹೋದ ತಿಂಗಳು ಟೀಚರ್ ಫೋನ್ ಮಾಡಿ, ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾಳೆ ಅಂದರು. ಮೂರು ದಿನದ ಸ್ಕೂಲ್ ಪ್ರವಾಸಕ್ಕೆ ಹೆಸರು ಕೊಟ್ಟಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಕೇಳಿದರೆ "ನಂಗೇ ಇಷ್ಟ ಇರ್ಲಿಲ್ಲಮ್ಮ" ಅಂದಳು. ಕಷ್ಟ ಆಗ್ತಿದ್ಯಾ ಅಂದರೆ "ಇಲ್ಲ" ಅಂತಾಳೆ. ನಮ್ಮ ನಾದಿನಿ "ಮಗುವಿನ ಬಾಲ್ಯಾನೇ ಹಾಳು ಮಾಡ್ತಿದೀಯ, ಹಾಸ್ಟೆಲ್‌ಗೆ ಹಾಕು" ಅಂತಾರೆ. ಅತ್ತೆ "ಹೆಣ್ಣುಮಗು, ಜವಾಬ್ದಾರಿ ಕಲೀಲಿ ಬಿಡು" ಅಂತಾರೆ. ಸ್ಕೂಲಿಗೆ ನನ್ನ ಕಾಯಿಲೆ ವಿಷಯ ಹೇಳಿಲ್ಲ, ಹೇಳಿದರೆ ಏನೇನು ಮಾತು ಬರುತ್ತೋ ಅಂತ ಭಯ. ಅವಳಿಗೆ ನಾನು ಅನ್ಯಾಯ ಮಾಡ್ತಿದೀನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಮಕ್ಕಳ ಮನಶ್ಶಾಸ್ತ್ರಜ್ಞೆ. ದೀರ್ಘ ಕಾಯಿಲೆ ಇರುವ ಮನೆಗಳ ಮಕ್ಕಳನ್ನು ವರ್ಷಗಳಿಂದ ನೋಡುತ್ತಿದ್ದೇನೆ. ನಿಮ್ಮ ಕೊನೆಯ ಸಾಲಿನ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕೆ ಇಡುತ್ತೇನೆ, ಯಾಕೆಂದರೆ ಅನ್ಯಾಯ ಮಾಡಿದೆನಾ ಅಂತ ಕೂತು ಯೋಚಿಸೋದರಿಂದ ನಿಮ್ಮ ಮಗಳಿಗೆ ಒಂದು ಗಂಟೆ ನಿದ್ದೆಯೂ ಜಾಸ್ತಿ ಸಿಗುವುದಿಲ್ಲ. ಪತ್ರದಲ್ಲಿ ನಿಜವಾಗಿ ಇರುವ ಚಿಂತೆ ಇದು ಅಂತ ನನಗನಿಸುತ್ತದೆ: ಅವಳು ಮಾಡುತ್ತಿರುವುದು ಅವಳ ವಯಸ್ಸಿಗೆ ಮೀರಿದ್ದಾ, ಮೀರಿದ್ದರೆ ಅವಳ ಮನಸ್ಸಿಗೆ ನೋವಾಗದ ಹಾಗೆ ಅದನ್ನು ಹೇಗೆ ಕಮ್ಮಿ ಮಾಡುವುದು, ಮತ್ತು ಇದನ್ನು ಯಾರಿಗೆ ಹೇಳಬಹುದು.

ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಹೌದು, ಕೆಲವು ಮೀರಿದ್ದು. ಎಲ್ಲವೂ ಅಲ್ಲ.

ನಿಮ್ಮ ನಾದಿನಿ ಹೇಳೋದರಲ್ಲೂ ಅತ್ತೆ ಹೇಳೋದರಲ್ಲೂ ಅರ್ಧರ್ಧ ಸತ್ಯ ಇದೆ, ಅದಕ್ಕೇ ಎರಡೂ ನಿಮಗೆ ಚುಚ್ಚುತ್ತಿರೋದು. ಮನೆಯವರನ್ನು ನೋಡಿಕೊಂಡ ಮಕ್ಕಳೆಲ್ಲ ಹಾಳಾಗುತ್ತಾರೆ ಅನ್ನೋದು ಸುಳ್ಳು. ಇಂಥ ಮಕ್ಕಳ ಬಗ್ಗೆ ಬ್ರಿಟನ್ನಿನಲ್ಲಿ ಸಾಲ್ ಬೆಕರ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಅಧ್ಯಯನ ಮಾಡಿದರು. ಅವರು ಮಕ್ಕಳಿಗೆ ಕೊಡುವ ಪ್ರಶ್ನಾವಳಿಯಲ್ಲಿ ಆರೈಕೆಯಿಂದ ಆದ ಕೆಟ್ಟದ್ದನ್ನು ಕೇಳುವ ಹಾಗೇ ಒಳ್ಳೆಯದನ್ನೂ ಕೇಳುತ್ತಾರೆ. ಸುಮ್ನೆ ಸಮಾಧಾನಕ್ಕೆ ಹಾಕಿದ್ದಲ್ಲ ಅದು. ಒಂದೇ ಮಗು "ನಾನು ಉಪಯೋಗಕ್ಕೆ ಬರ್ತೀನಿ ಅಂತ ಹೆಮ್ಮೆ" ಅಂತಲೂ ಹೇಳುತ್ತದೆ, "ಸಾಕಾಗಿದೆ" ಅಂತಲೂ ಹೇಳುತ್ತದೆ. ಎರಡೂ ನಿಜ. ನಿಮ್ಮ ಮಗಳೊಳಗೂ ಎರಡೂ ಇರಬಹುದು, ಮೊದಲನೆಯದನ್ನು ಮಾತ್ರ ನಿಮಗೆ ತೋರಿಸುತ್ತಿರಬಹುದು.

ಇನ್ನು ಅತ್ತೆಯವರ ಮಾತು. ಜವಾಬ್ದಾರಿ ಕಲಿಯೋದು ಒಳ್ಳೆಯದೇ. ಆದರೆ ಜವಾಬ್ದಾರಿ ಕಲಿಯೋ ಮಗುವಿನ ಹಿಂದೆ ಒಬ್ಬರು ದೊಡ್ಡವರು ನಿಂತಿರುತ್ತಾರೆ, ಮಗು ತಪ್ಪಿದರೆ ಅವರು ನೋಡಿಕೊಳ್ಳುತ್ತಾರೆ. ವಾರದ ಐದು ರಾತ್ರಿ ನಿಮ್ಮ ಮಗಳ ಹಿಂದೆ ಯಾರಿದ್ದಾರೆ? ಯಾರೂ ಇಲ್ಲ. ಅವಳೇ ಕೊನೆಯವಳು. ಮತ್ತೆ, ಈ ಪಾಠವನ್ನು ಹೆಣ್ಣುಮಕ್ಕಳಿಗೆ ಮಾತ್ರ ಯಾಕೆ ಕಲಿಸಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ, ಹೋಗಲಿ ಬಿಡಿ.

ನಾನು ನೋಡಿರುವ ಮಟ್ಟಿಗೆ, ಮಕ್ಕಳನ್ನು ಹಿಂಡಿಹಾಕೋದು ಪಾತ್ರೆ ತೊಳೆಯೋದು, ಬಟ್ಟೆ ಮಡಚೋದು, ಔಷಧಿ ತರೋದು ಇವಲ್ಲ. ಸದಾ ಕಾವಲಲ್ಲಿ ಇರೋದು. ಒಬ್ಬ ಹುಡುಗ ಬರುತ್ತಿದ್ದ, ಅಪ್ಪನಿಗೆ ಫಿಟ್ಸ್ ಬರುತ್ತಿತ್ತು. ಅವನು ನನ್ನ ಕೋಣೆಯಲ್ಲಿ ಯಾವಾಗಲೂ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದ, ಫೋನ್ ತೊಡೆಯ ಮೇಲೆ, ಪರದೆ ಮೇಲ್ಮುಖವಾಗಿ. ಚಾರ್ಜ್ ಅರ್ಧಕ್ಕಿಂತ ಕಮ್ಮಿ ಆದರೆ ಚಡಪಡಿಸುತ್ತಿದ್ದ. ಮನೆಯಲ್ಲಿ ಅವನು ಮಾಡುತ್ತಿದ್ದ ಕೆಲಸ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಗಂಟೆಯೂ ಇರಲಿಲ್ಲ. ಆದರೆ ಇಡೀ ದಿನ ಒಂದು ಕಿವಿ ಮನೆ ಕಡೆಗೇ. ಆ ಹುಡುಗನಿಗೆ "ಮನೆಕೆಲಸ ಕಮ್ಮಿ ಮಾಡು" ಅಂದಿದ್ದರೆ ಏನು ಉಪಯೋಗ ಆಗುತ್ತಿತ್ತು ಹೇಳಿ?

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೆಗರಿ ಜರ್ಕೋವಿಕ್ ಈ ವ್ಯತ್ಯಾಸದ ಬಗ್ಗೆ ತುಂಬ ಕೆಲಸ ಮಾಡಿದವರು. ಮಗು ಮನೆಯಲ್ಲಿ ದೊಡ್ಡವರ ಕೆಲಸ ಮಾಡುವುದು ಬೇರೆ, ದೊಡ್ಡವರ ಮನಸ್ಸನ್ನು ಹೊರುವುದು ಬೇರೆ. ಎರಡನೆಯದೇ ಜಾಸ್ತಿ ಭಾರ. ಕೆಲಸ ಎಷ್ಟಿದೆ ಅನ್ನೋದರ ಜೊತೆಗೆ ಅದು ನ್ಯಾಯವಾಗಿ ಹಂಚಿಕೆಯಾಗಿದೆಯಾ, ಮಗು ಮಾಡಿದ್ದನ್ನು ಯಾರಾದರೂ ಗುರುತಿಸಿದ್ದಾರಾ, ಇದಕ್ಕೆ ಕೊನೆ ಅಂತ ಇದೆಯಾ ಅನ್ನೋದೂ ಮುಖ್ಯ.

"ಕಷ್ಟ ಆಗ್ತಿದ್ಯಾ" ಅಂದರೆ "ಇಲ್ಲ" ಅಂತಾಳೆ ಅಂದಿರಿ. ಅಂತಾಳೆ, ಮತ್ತೇನು ಅಂದಾಳು? ಹೌದು ಅಂದರೆ ಅಮ್ಮನಿಗೆ ನೋವಾಗುತ್ತೆ ಅಂತ ಅವಳಿಗೆ ಗೊತ್ತು. ಜಪಾನಿನಲ್ಲಿ ಸರ್ಕಾರ ಮಾಡಿಸಿದ ಒಂದು ಸಮೀಕ್ಷೆಯ ಫಲಿತಾಂಶ 2021ರಲ್ಲಿ ಹೊರಬಂತು. ಹೆಚ್ಚುಕಮ್ಮಿ ನಿಮ್ಮ ಮಗಳ ವಯಸ್ಸಿನ ಶಾಲಾ ಮಕ್ಕಳಲ್ಲಿ 5.7 ಶೇಕಡ ಮಂದಿ, ಅಂದರೆ ಸುಮಾರು 17ರಲ್ಲಿ ಒಬ್ಬರು, ಮನೆಯವರೊಬ್ಬರನ್ನು ನೋಡಿಕೊಳ್ಳುತ್ತಿದ್ದೇವೆ ಅಂದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅದನ್ನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಯಾಕೆ ಅಂತ ಕೇಳಿದಾಗ ಅತಿ ಹೆಚ್ಚು ಬಂದ ಉತ್ತರ: ಹೇಳಿಕೊಳ್ಳುವಷ್ಟು ದೊಡ್ಡ ವಿಷಯ ಏನಲ್ಲ. ನಿಮ್ಮ ಮಗಳು ಹೇಳಿದ್ದೂ ಅದೇ ಅಲ್ವಾ? ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತೆ. ಅವಳ ಕ್ಲಾಸಿನಲ್ಲೇ ಇನ್ನೊಬ್ಬರು ಇಂಥವರು ಇರೋ ಸಾಧ್ಯತೆ ಇದೆ, ಇಬ್ಬರಿಗೂ ಪರಸ್ಪರ ಗೊತ್ತಿಲ್ಲ ಅಷ್ಟೇ.

ಹಾಗಾಗಿ ಪ್ರಶ್ನೆ ಬದಲಾಯಿಸಿ. "ಇಷ್ಟೆಲ್ಲ ಕೆಲಸದಲ್ಲಿ ನಿಂಗೆ ಯಾವುದು ಒಂಚೂರೂ ಇಷ್ಟ ಇಲ್ಲ?" ಅಂತ ಕೇಳಿ. ಅಥವಾ "ನಾಳೆಯಿಂದ ಒಂದನ್ನು ಬೇರೆಯವರಿಗೆ ಕೊಡೋದಾದ್ರೆ ಯಾವುದು ಕೊಡ್ತೀಯ?" ಅಂತ. ಇದಕ್ಕೆ ಇಲ್ಲ ಅನ್ನೋ ಉತ್ತರ ಹೊಂದೋದಿಲ್ಲ, ಏನಾದರೂ ಒಂದು ಹೇಳಲೇಬೇಕಾಗುತ್ತದೆ. ಎದುರುಬದುರು ಕೂರಿಸಿಕೊಂಡು ಕೇಳಬೇಡಿ, ಈ ವಯಸ್ಸಿನವರು ಮುಚ್ಚಿಕೊಂಡುಬಿಡುತ್ತಾರೆ. ಬಟ್ಟೆ ಮಡಚುವಾಗ, ತಲೆ ಬಾಚುವಾಗ, ಕಣ್ಣಿಗೆ ಕಣ್ಣು ಸೇರದ ಹೊತ್ತಲ್ಲಿ ಕೇಳಿ. ಅವಳು ಏನಾದರೂ ಹೇಳಿದರೆ ನಿಮಗೆ ಚುರ್ ಅನ್ನಬಹುದು. ಅಲ್ಲೇ ಅತ್ತುಬಿಟ್ಟರೆ ಇನ್ನೊಂದು ಸಲ ಅವಳು ಹೇಳಲ್ಲ. "ಸರಿ, ಅದಕ್ಕೆ ಏನು ಮಾಡಬಹುದು ನೋಡೋಣ" ಅಂದು ಅಲ್ಲಿಗೆ ಬಿಡಿ.

ಇದರ ಜೊತೆಗೇ ಒಂದು ಮಾತು, ತಪ್ಪು ತಿಳಿಯಬೇಡಿ. ನಿಮ್ಮ ಹಾಗಿರುವ ಎಷ್ಟೋ ಅಮ್ಮಂದಿರು ದಿನಕ್ಕೆ ನಾಲ್ಕು ಸಲ "ನನ್ನಿಂದ ನಿಂಗೆ ಎಷ್ಟು ತೊಂದ್ರೆ ಅಲ್ವಾ ಪುಟ್ಟಾ" ಅಂತಾರೆ. ಪ್ರೀತಿಯಿಂದಲೇ ಅನ್ನೋದು. ಆದರೆ ಪ್ರತಿ ಸಲವೂ ಆ ಮಗು ಕೈಯಲ್ಲಿದ್ದ ಕೆಲಸ ಬಿಟ್ಟು "ಇಲ್ಲಮ್ಮ, ಹಾಗೇನಿಲ್ಲ" ಅಂತ ಅಮ್ಮನನ್ನು ಸಮಾಧಾನ ಮಾಡಬೇಕು. ಅದೂ ಒಂದು ಕೆಲಸ ಆಯ್ತಲ್ಲ. ಕ್ಷಮೆಯ ಜಾಗದಲ್ಲಿ ಥ್ಯಾಂಕ್ಸ್ ಹೇಳಿ, ಅದೂ ನಿರ್ದಿಷ್ಟವಾಗಿ: "ನಿನ್ನೆ ನೀನು ಕುರ್ಚಿ ಹತ್ತಿರ ಎಳೆದು ಇಟ್ಟಿದ್ದೆ, ನನಗೆ ತುಂಬ ಅನುಕೂಲ ಆಯ್ತು." ಅಷ್ಟು ಸಾಕು.

ಈಗ ಯಾವ ಭಾರ ಮೊದಲು ಇಳಿಸಬೇಕು ಅನ್ನೋದಕ್ಕೆ ಬರೋಣ. ಆ ಬ್ರಿಟಿಷ್ ತಂಡ ಮಕ್ಕಳ ಆರೈಕೆ ಕೆಲಸಗಳನ್ನು ಆರು ಬಗೆಯಾಗಿ ಕೇಳುತ್ತದೆ: ಮನೆಗೆಲಸ, ಮನೆ ನಡೆಸೋದು, ಹಣಕಾಸು ಮತ್ತು ಹೊರಗಿನ ವ್ಯವಹಾರ, ಮೈಯ ಆರೈಕೆ, ಮನಸ್ಸಿಗೆ ಜೊತೆ ಇರೋದು, ಒಡಹುಟ್ಟಿದವರನ್ನು ನೋಡಿಕೊಳ್ಳೋದು. ಒಂದು ಹಾಳೆ ತೆಗೆದುಕೊಂಡು ಈ ಆರರ ಕೆಳಗೂ ಅವಳು ಏನೇನು ಮಾಡುತ್ತಾಳೆ ಅಂತ ಬರೆಯಿರಿ. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ. (ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಇರೋದು ಒಂದೇ ಸಾಲು, ಪಾಳಿ ವಿಷಯ. ರಾತ್ರಿಯಿಡೀ ದುಡಿದು ಬರುವವರನ್ನು ನಾನು ದೂರುತ್ತಿಲ್ಲ. ಆದರೆ ಈ ಪಟ್ಟಿಯ ಅರ್ಧ ಅವರಿಗೆ ಗೊತ್ತೇ ಇರಲಿಕ್ಕಿಲ್ಲ.)

ಆ ಹಾಳೆಯಲ್ಲಿ ಮೊದಲು ಹೊಡೆದು ಹಾಕಬೇಕಾದ್ದು ರಾತ್ರಿ. ಉಳಿದದ್ದೆಲ್ಲ ಆಮೇಲೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಎರಡು ಮೂರು ಸಲ ಎಚ್ಚರ ಆಗಿ ಮಲಗೋದು, ಮಧ್ಯದಲ್ಲಿ "ಅಮ್ಮ ಕರೀತಾಳೇನೋ" ಅಂತ ಅರೆನಿದ್ದೆಯಲ್ಲಿ ಇರೋದು, ಇದು ನಿದ್ದೆಯ ಲೆಕ್ಕಕ್ಕೇ ಬರಲ್ಲ. ಕ್ಲಾಸಿನಲ್ಲಿ ನಿದ್ದೆ ಬರೋದು ಸೋಮಾರಿತನವೂ ಅಲ್ಲ, ಮನೋರೋಗವೂ ಅಲ್ಲ, ನಿದ್ದೆ ಸಾಲದ್ದು.

ಇಲ್ಲಿ ಒಂದು ಒಳ್ಳೆ ಸುದ್ದಿ ಇದೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗೋದನ್ನು ನೀವು ಹಣೆಬರಹ ಅಂದುಕೊಂಡಿದ್ದೀರಿ ಅನಿಸುತ್ತೆ. ಎಂಎಸ್ ಇರುವ ಬಹಳಷ್ಟು ಜನರಿಗೆ ಮೂತ್ರಕೋಶದ ತೊಂದರೆ ಇರುತ್ತದೆ, ಮೆದುಳಿಗೂ ಮೂತ್ರಕೋಶಕ್ಕೂ ನಡುವಿನ ನರದ ಸಂದೇಶಗಳು ಏರುಪೇರಾಗುವುದರಿಂದ. ಇದಕ್ಕೆ ಔಷಧಿ ಇದೆ, ವ್ಯಾಯಾಮ ಇದೆ. ಮೂತ್ರದ ಸೋಂಕು ಇದ್ದರೂ ಹೀಗೆ ಜಾಸ್ತಿ ಆಗುತ್ತೆ, ಅದನ್ನು ಪರೀಕ್ಷೆ ಮಾಡಿಸಬಹುದು. ನಿಮ್ಮ ವೈದ್ಯರಿಗೆ "ರಾತ್ರಿ ಇಷ್ಟು ಸಲ ಏಳುತ್ತೇನೆ, ಪ್ರತಿ ಸಲವೂ 14 ವರ್ಷದ ಮಗಳು ಎಬ್ಬಿಸಿಕೊಂಡು ಹೋಗಬೇಕು" ಅಂತ ಇದೇ ಮಾತಿನಲ್ಲಿ ಹೇಳಿ. ನೀವು ಹೇಳದಿದ್ದರೆ ಅವರು ಊಹಿಸಲ್ಲ. ಕೆಲವರು ಸಂಜೆ ಮೇಲೆ ನೀರೇ ಕುಡಿಯೋದು ಬಿಡುತ್ತಾರೆ. ಹಾಗೆ ಮಾಡಬೇಡಿ, ಹಗಲಲ್ಲಿ ಸರಿಯಾಗಿ ಕುಡಿದು ಮಲಗುವ ಮುಂಚೆ ಕಮ್ಮಿ ಮಾಡಿ, ಸಂಜೆಯ ಕಾಫಿ ಟೀ ಬಿಡಿ. ಮಂಚದ ಪಕ್ಕಕ್ಕೆ ಒಂದು ಕಮೋಡ್ ಕುರ್ಚಿ ಇಡಿಸಿ. ನಾಚಿಕೆ ಅನಿಸುತ್ತದೆ, ಮೊದಮೊದಲು ಎಲ್ಲರಿಗೂ. ಆದರೆ ಗೋಡೆ ಹಿಡಿದು ಕೋಣೆ ದಾಟಿ ಹೋಗಬೇಕಾದವರು ಎರಡು ಹೆಜ್ಜೆಯಲ್ಲಿ ಒಬ್ಬರೇ ಮುಗಿಸಿಕೊಳ್ಳಬಹುದಾದರೆ ಒಂದು ಮಗು ರಾತ್ರಿಯಿಡೀ ಮಲಗುತ್ತದೆ. ಮಂಚಕ್ಕೊಂದು ಹಿಡಿಕೆ, ಸಣ್ಣ ರಾತ್ರಿ ದೀಪ, ಜಾರದ ಚಾಪೆ ಇದ್ದರೆ ಇನ್ನೂ ಒಳ್ಳೆಯದು. ಒಬ್ಬರೇ ಮಾಡೋ ಮುಂಚೆ ಫಿಸಿಯೋಥೆರಪಿಸ್ಟ್ ಎದುರಿಗೆ ನಾಲ್ಕಾರು ಸಲ ಅಭ್ಯಾಸ ಮಾಡಿ, ಬಿದ್ದರೆ ಕತೆ ಬೇರೆ ಆಗುತ್ತದೆ.

ಯಜಮಾನರು ಮನೆಯಲ್ಲಿರುವ ಎರಡು ರಾತ್ರಿ ಮಗಳು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಲಗಲಿ. ಇದನ್ನು ಈ ವಾರವೇ ಶುರು ಮಾಡಬಹುದು, ದುಡ್ಡೂ ಬೇಡ. ಆದರೆ ಮೊದಲ ಎರಡು ಮೂರು ಸಲ ಅವಳು ಎದ್ದು ಬಂದೇ ಬರುತ್ತಾಳೆ, ಅಭ್ಯಾಸ. "ಅಪ್ಪ ಇದಾರೆ, ನೀನು ಹೋಗಿ ಮಲಕ್ಕೊ" ಅಂತ ಅಪ್ಪನೇ ಹೇಳಬೇಕು, ನೀವಲ್ಲ. ಪಾಳಿ ಬದಲಾಯಿಸೋಕೆ, ಅಥವಾ ವಾರಕ್ಕೆ ಒಂದು ರಾತ್ರಿ ಕಮ್ಮಿ ಮಾಡಿಸೋಕೆ ಅವರು ಕೇಳಿ ನೋಡಿದ್ದಾರಾ? ಬಹಳ ಜನ ಕೇಳಿಯೇ ಇರಲ್ಲ, ಯಾಕೆಂದರೆ ಮಗಳು ಹೇಗೂ ನಿಭಾಯಿಸುತ್ತಿರುತ್ತಾಳೆ.

ಎರಡನೆಯದು ಸ್ನಾನ, ಬಟ್ಟೆ. ಇದನ್ನು ಮಕ್ಕಳು ಬಾಯಿಬಿಟ್ಟು ಹೇಳಲ್ಲ, ಆದರೆ ನನ್ನ ಹತ್ತಿರ ಒಬ್ಬರೇ ಕೂತಾಗ ಮೊದಲು ಹೊರಗೆ ಬರೋದು ಇದೇ. ಅಮ್ಮನ ಮೈ ತೊಳೆಯೋದು 14ರ ವಯಸ್ಸಿಗೆ ಮುಜುಗರ. ನಿಮಗೂ ಮುಜುಗರ, ಸುಳ್ಳು ಹೇಳಬೇಡಿ. ಸ್ನಾನ ಬೆಳಿಗ್ಗೆಯೇ ಆಗಬೇಕು ಅಂತೇನಿಲ್ಲ. ಯಜಮಾನರು ಮಲಗಿ ಎದ್ದ ಮೇಲೆ, ಮಧ್ಯಾಹ್ನ ಅಥವಾ ಸಂಜೆ ಆಗಬಹುದು. ಕೂತು ಸ್ನಾನ ಮಾಡೋ ಕುರ್ಚಿ, ಹ್ಯಾಂಡ್ ಶವರ್, ಹಿಡಿಕೆ ಇದ್ದರೆ ಮುಕ್ಕಾಲು ಭಾಗ ನೀವೇ ಮಾಡಿಕೊಳ್ಳಬಹುದು. ನೀರು ಉಗುರುಬೆಚ್ಚಗಿರಲಿ. ಎಂಎಸ್‌ನಲ್ಲಿ ಮೈ ಬಿಸಿಯಾದರೆ ಸುಸ್ತು, ಕಾಲಿನ ನಿಶ್ಶಕ್ತಿ ಸ್ವಲ್ಪ ಹೊತ್ತು ಜಾಸ್ತಿ ಆಗುತ್ತದೆ, ಬಿಸಿ ನೀರು ಹಾಕಿಕೊಂಡು ಎದ್ದ ಕೂಡಲೇ ಕಾಲು ಸೋಲುತ್ತದೆ, ಆಗ ನಿಮ್ಮ ಪೂರ್ತಿ ಭಾರ ಅವಳ ಮೇಲೆ ಬೀಳುತ್ತದೆ. ಬೆಳೆಯುವ ಬೆನ್ನು ಅದು. ನೀವು ಬಿದ್ದರೆ ಅವಳು ಎತ್ತಬಾರದು, ಇದನ್ನು ನಿಯಮ ಅಂತಲೇ ಮಾಡಿ. ದಿಂಬು ಕೊಡಬೇಕು, ಪಕ್ಕದಲ್ಲಿ ಕೂರಬೇಕು, ದೊಡ್ಡವರಿಗೆ ಫೋನ್ ಮಾಡಬೇಕು. ಯಾರಿಗೆ ಅನ್ನೋ ನಂಬರುಗಳು ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿರಲಿ.

ಮಾತ್ರೆಗಳ ಲೆಕ್ಕ ಕೂಡ ಅವಳದಲ್ಲ. ವಾರದ ಏಳು ದಿನದ ಡಬ್ಬಿ ಸಿಗುತ್ತದೆ, ಯಜಮಾನರು ರಜೆ ದಿನ ತುಂಬಿಡಲಿ. ಅವಳು ಡಬ್ಬಿ ಕೈಗೆ ಕೊಡಬಹುದು. ಯಾವುದು ಎಷ್ಟು, ಇವತ್ತು ಜಾಸ್ತಿ ನೋವಿದೆ ಇನ್ನೊಂದು ಕೊಡಲಾ, ಇಂಥ ತೀರ್ಮಾನ ಯಾವತ್ತೂ ಮಗುವಿನ ಮೇಲೆ ಬರಬಾರದು. ಏನಾದರೂ ಎಡವಟ್ಟಾದರೆ ಅದನ್ನು ಅವಳು ಜೀವನಪೂರ್ತಿ ಹೊತ್ತುಕೊಂಡು ತಿರುಗುತ್ತಾಳೆ.

ಹಾಗಂತ ಎಲ್ಲವನ್ನೂ ಒಂದೇ ಏಟಿಗೆ ಕಿತ್ತುಕೊಳ್ಳಬೇಡಿ. ನಾಲ್ಕು ವರ್ಷ ಮಾಡಿದವಳಿಗೆ "ಇನ್ನು ಮೇಲೆ ನೀನು ಏನೂ ಮುಟ್ಟಬೇಡ" ಅಂದರೆ ಅವಳಿಗೆ ಬಿಡುಗಡೆ ಅನಿಸಲ್ಲ. ನಾನು ಮಾಡಿದ್ದು ಸರಿ ಇರಲಿಲ್ವಾ ಅನಿಸುತ್ತದೆ. ಅವಳಿಗೆ ಇಷ್ಟ ಇರೋ ಒಂದೆರಡನ್ನು ಅವಳೇ ಆರಿಸಿಕೊಳ್ಳಲಿ. ಇಬ್ಬರೂ ಸೇರಿ ಸಂಜೆ ಕಾಲಿನ ವ್ಯಾಯಾಮ ಮಾಡೋದು ಇರಬಹುದು, ತಲೆಗೆ ಎಣ್ಣೆ ಹಚ್ಚೋದು ಇರಬಹುದು. ಆರಿಸಿಕೊಂಡು ಮಾಡೋದಕ್ಕೂ, ಬೇರೆ ದಾರಿ ಇಲ್ಲದೆ ಮಾಡೋದಕ್ಕೂ ತುಂಬ ವ್ಯತ್ಯಾಸ ಇದೆ.

ಹಾಸ್ಟೆಲ್ ವಿಷಯ. ಕೆಲವು ಮನೆಗಳಲ್ಲಿ ಅದು ಸರಿಯಾದ ದಾರಿಯೇ: ಮನೆಯಲ್ಲಿ ಕುಡಿತ, ಹೊಡೆತ ಇದ್ದರೆ, ಅಥವಾ ಮಗುವೇ ಬಾಯಿಬಿಟ್ಟು ಕೇಳಿದರೆ. ನಿಮ್ಮ ಮನೆಯಲ್ಲಿ ಅದನ್ನು ನಾನು ಮೊದಲು ಹೇಳಲ್ಲ. ಕಾವಲು ಕಾಯೋ ಮಗುವನ್ನು ದೂರ ಕಳಿಸಿದರೆ ಕಾವಲು ನಿಲ್ಲಲ್ಲ, ಫೋನಿಗೆ ಬರುತ್ತದೆ. ರಾತ್ರಿ ಅಮ್ಮನನ್ನು ಯಾರು ಕರೆದುಕೊಂಡು ಹೋದರು ಅಂತ ಅಲ್ಲಿ ಎಚ್ಚರ ಇರುತ್ತಾಳೆ. ಇನ್ನೊಂದು, ಮನೆಯ ವ್ಯವಸ್ಥೆ ಬದಲಾಗದೆ ಅವಳು ಮಾತ್ರ ಹೋದರೆ ಅವಳ ಜಾಗಕ್ಕೆ 9 ವರ್ಷದವನು ಬರುತ್ತಾನೆ. ನಾದಿನಿಯವರಿಗೆ ನಿಜವಾಗಿ ಕಾಳಜಿ ಇದ್ದರೆ, ಇದೆ ಅಂತಲೇ ನಂಬೋಣ, ವಾರಕ್ಕೆ ಒಂದು ರಾತ್ರಿ ಬಂದು ಮಲಗೋಕೆ ಆಗುತ್ತಾ ಅಂತ ಕೇಳಿ. ಸಲಹೆ ಕೊಟ್ಟವರಿಗೆ ಒಂದು ನಿರ್ದಿಷ್ಟ ಕೆಲಸ ಕೇಳೋದರಲ್ಲಿ ತಪ್ಪೇನಿಲ್ಲ.

ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಳ್ಳೋದು ಆಗುವಂತಿದ್ದರೆ ಮಾಡಿ, ದಿನವಿಡೀ ಬೇಕಾಗಿಲ್ಲ, ಬೆಳಗಿನ ಎರಡು ಗಂಟೆ ಸಾಕಾದೀತು, ಮಕ್ಕಳಿಬ್ಬರೂ ಸ್ಕೂಲಿಗೆ ಹೊರಡೋ ಹೊತ್ತು. ಅಪಾಯ ಇದರಲ್ಲೂ ಇದೆ: ಬಂದವರು ಹೇಳದೆ ಕೇಳದೆ ರಜೆ ಹಾಕುತ್ತಾರೆ, ಆಗ ಮತ್ತೆ ಮಗಳೇ. ಎಷ್ಟೋ ಮನೆಗಳಲ್ಲಿ ಸಹಾಯಕ್ಕೆ ಬಂದವರಿಗೆ ಹೇಳಿಕೊಡೋದು, ಅವರನ್ನು ಗಮನಿಸೋದು, ಬರಲಿಲ್ಲ ಅಂತ ಫೋನ್ ಮಾಡೋದು ಇದೆಲ್ಲ ಮಗುವಿನ ಪಾಲಿಗೇ ಬಂದುಬಿಟ್ಟಿರುತ್ತದೆ. ಆ ವ್ಯವಹಾರ ಪೂರ್ತಿ ನಿಮ್ಮದು ಅಥವಾ ಯಜಮಾನರದು.

ಇನ್ನು ಸ್ಕೂಲು. ಹೇಳಿ. ಹೇಳದಿದ್ದರೆ ಟೀಚರ್ ಕಣ್ಣಿಗೆ ಅವಳು ನಿದ್ದೆ ಮಾಡೋ ಹುಡುಗಿ, ಪ್ರವಾಸಕ್ಕೆ ಬಾರದ ಹುಡುಗಿ ಅಷ್ಟೇ. ನಿಮ್ಮ ಭಯ ಸುಳ್ಳಲ್ಲ. ಕ್ಲಾಸ್ ಎದುರಿಗೆ "ಪಾಪ, ಇವಳ ಅಮ್ಮನಿಗೆ ಹುಷಾರಿಲ್ಲ" ಅಂತ ಅಂದುಬಿಡೋ ಟೀಚರುಗಳಿದ್ದಾರೆ, ಅದರಿಂದ ಮಕ್ಕಳಿಗೆ ಆಗೋ ಅವಮಾನ ಸಣ್ಣದಲ್ಲ. ಅದಕ್ಕೇ ಮೊದಲು ಮಗಳನ್ನು ಕೇಳಿ: ಯಾರಿಗೆ ಹೇಳೋಣ, ಎಷ್ಟು ಹೇಳೋಣ. ಅವಳು ಆರಿಸಿದ ಒಬ್ಬರೇ ಟೀಚರಿಗೆ, ಅರ್ಧ ಪುಟದಲ್ಲಿ ಬರೆದುಕೊಡಿ. ಕಾಯಿಲೆಯ ಚರಿತ್ರೆ ಬೇಡ. ಏನು ಬೇಕು ಅಂತ ಬರೆಯಿರಿ: ಯಾವತ್ತಾದರೂ ಹತ್ತು ನಿಮಿಷ ತಡವಾದರೆ ಹೊರಗೆ ನಿಲ್ಲಿಸಬೇಡಿ, ಫೋನ್ ಸೈಲೆಂಟಲ್ಲಿ ಆಫೀಸಿನಲ್ಲಿ ಇರಲಿ, ತುರ್ತು ಇದ್ದರೆ ನಾವೇ ಆಫೀಸಿಗೆ ಮಾಡುತ್ತೇವೆ, ಹೋಂವರ್ಕಿಗೆ ಕೆಲವೊಮ್ಮೆ ಒಂದು ದಿನ ಜಾಸ್ತಿ ಕೊಡಿ, ಇದನ್ನು ಬೇರೆ ಮಕ್ಕಳ ಎದುರು ಮಾತಾಡಬೇಡಿ. ಫೋನಿನ ವಿಷಯ ಮುಖ್ಯ. ತುರ್ತು ಇದ್ದರೆ ಸುದ್ದಿ ಬಂದೇ ಬರುತ್ತೆ ಅನ್ನೋ ನಂಬಿಕೆ ಇದ್ದರೆ ಮಾತ್ರ ಅವಳು ಪಾಠದ ಕಡೆ ಕಿವಿ ಕೊಡುತ್ತಾಳೆ.

ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ ಅನ್ನೋ ಹೆದರಿಕೆಯೂ ಬಹಳ ತಂದೆತಾಯಿಗಳಿಗೆ ಇರುತ್ತದೆ, ನಿಮಗೂ ಒಳಗೊಳಗೆ ಇದ್ದರೆ ಆಶ್ಚರ್ಯ ಇಲ್ಲ. ಈ ವಿಷಯದಲ್ಲಿ ಕಾನೂನು ಮಾಡಿದ ದೇಶಗಳು ಹೋಗಿರೋ ದಿಕ್ಕು ಅದಲ್ಲ. ಇಂಗ್ಲೆಂಡಿನಲ್ಲಿ 2014ರ ಕಾಯ್ದೆ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಮನೆಯವರ ಆರೈಕೆ ಮಾಡೋ 18 ವರ್ಷದೊಳಗಿನ ಮಗುವಿಗೆ ಏನು ಸಹಾಯ ಬೇಕು ಅಂತ ಸ್ಥಳೀಯ ಆಡಳಿತ ಪರಿಶೀಲಿಸಬೇಕು, ಆ ಆರೈಕೆ ಮಗು ಮಾಡುವಂಥದ್ದಾ ಅಂತಲೂ ನೋಡಬೇಕು. ನಾರ್ವೆಯಲ್ಲಿ 2010ರಿಂದ ರೋಗಿಗೆ ಚಿಕ್ಕ ಮಕ್ಕಳಿದ್ದರೆ ಅವರಿಗೆ ಏನು ಬೇಕು ಅನ್ನೋದನ್ನೂ ಆರೋಗ್ಯ ಸಿಬ್ಬಂದಿಯೇ ಗಮನಿಸಬೇಕು. ಎರಡರ ಹಿಂದಿನ ಯೋಚನೆಯೂ ಒಂದೇ: ರೋಗಿಗೆ ಸರಿಯಾದ ಸಹಾಯ ಸಿಕ್ಕರೆ ಮಗುವಿನ ಭಾರ ತಾನಾಗಿ ಇಳಿಯುತ್ತದೆ. ಇಂಥ ಕಾನೂನು ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ಆ ಪ್ರಶ್ನೆಯನ್ನು ನೀವೇ ವೈದ್ಯರ ಮುಂದೆ, ಸ್ಕೂಲಿನ ಮುಂದೆ ಎತ್ತಬೇಕು.

ಪ್ರವಾಸಕ್ಕೆ ಇನ್ನೂ ಹೆಸರು ಕೊಡಬಹುದಾ ಅಂತ ಟೀಚರನ್ನು ಕೇಳಿ. ಆಮೇಲೆ ಆ ಮೂರು ದಿನ ರಾತ್ರಿ ಮನೆಯಲ್ಲಿ ಯಾರು ಇರುತ್ತಾರೆ ಅಂತ ಗೊತ್ತುಮಾಡಿ, ಅವರ ಹೆಸರು ಸಮೇತ ಮಗಳಿಗೆ ಹೇಳಿ. "ಹೋಗು, ನಾವು ಹೇಗೋ ನೋಡ್ಕೋತೀವಿ" ಅಂದರೆ ಅವಳು ಹೋಗಲ್ಲ, ಹೇಗೋ ಅಂದರೇನು ಅಂತ ಅವಳಿಗೆ ಚೆನ್ನಾಗಿ ಗೊತ್ತು. "ಮೂರೂ ರಾತ್ರಿ ಅಪ್ಪ ರಜೆ ಹಾಕಿದಾರೆ" ಅಂದರೆ ಯೋಚನೆ ಮಾಡುತ್ತಾಳೆ. ಅಲ್ಲಿಂದ ದಿನಕ್ಕೆ ಒಂದೇ ಫೋನ್, ಅದೂ ಗೊತ್ತಾದ ಹೊತ್ತಿಗೆ. ಅಷ್ಟೆಲ್ಲ ಆದಮೇಲೂ ಬೇಡ ಅಂದರೆ ಬಲವಂತ ಬೇಡ, ನಿಜವಾಗಿಯೂ ಅವಳಿಗೆ ಪ್ರವಾಸ ಇಷ್ಟ ಇಲ್ಲದಿರಬಹುದು, ಅಂಥ ಮಕ್ಕಳೂ ಇದ್ದಾರೆ.

ನಿಮ್ಮ ಕಾಯಿಲೆ ಬಗ್ಗೆ ಮಕ್ಕಳಿಬ್ಬರಿಗೂ ಎಷ್ಟು ಗೊತ್ತು? ಪತ್ರದಲ್ಲಿ ಅದು ಇಲ್ಲ. ಹೇಳದಿದ್ದರೆ ಹೆದರಲ್ಲ ಅಂದುಕೊಳ್ಳುತ್ತೇವೆ, ಆಗೋದು ಉಲ್ಟಾ. ಬಾಗಿಲ ಹಿಂದಿನಿಂದ ಅರ್ಧ ಕೇಳಿಸಿಕೊಂಡು ಉಳಿದರ್ಧ ತಾವೇ ಕಟ್ಟಿಕೊಳ್ಳುತ್ತಾರೆ, ಕಟ್ಟಿಕೊಂಡದ್ದು ನಿಜಕ್ಕಿಂತ ಭಯಂಕರವಾಗಿರುತ್ತದೆ. ಅಮ್ಮನಿಗೆ ನನ್ನ ಮೇಲೆ ಸಿಟ್ಟು ಬಂದು ಕಾಯಿಲೆ ಜಾಸ್ತಿ ಆಯಿತು ಅಂತ ನಂಬಿದ ಮಕ್ಕಳನ್ನು ನೋಡಿದ್ದೇನೆ. ಅಮೆರಿಕದ ಮಕ್ಕಳ ಮನೋವೈದ್ಯ ವಿಲಿಯಂ ಬಿಯರ್ಡ್ಸ್‌ಲೀ ಖಿನ್ನತೆ ಇರುವ ತಂದೆತಾಯಿಗಳ ಮಕ್ಕಳ ಜೊತೆ ಕೆಲಸ ಮಾಡಿ ಕಂಡದ್ದು ಇಲ್ಲಿಗೂ ಅನ್ವಯ ಆಗುತ್ತದೆ: ಕಾಯಿಲೆ ಏನು ಅಂತ ಅರ್ಥವಾದ, ಇದು ನನ್ನ ತಪ್ಪಲ್ಲ ಅಂತ ಗೊತ್ತಾದ ಮಕ್ಕಳು ಚೆನ್ನಾಗಿ ತಡೆದುಕೊಳ್ಳುತ್ತಾರೆ. ಎಂಎಸ್ ಅಂಟುವ ಕಾಯಿಲೆ ಅಲ್ಲ, ಯಾರ ಜಗಳದಿಂದಲೂ ಬಂದದ್ದಲ್ಲ ಅಂತ ಹೇಳಿ. ಮಗಳು ಕೇಳದೇ ಇರಬಹುದು, ಆದರೆ "ನಂಗೂ ಬರುತ್ತಾ" ಅನ್ನೋದು ಅವಳ ತಲೆಯಲ್ಲಿ ಬಂದಿರುತ್ತದೆ. ತಂದೆ ಅಥವಾ ತಾಯಿಗೆ ಎಂಎಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡರ ಆಸುಪಾಸು. ಅಂದರೆ ಬರದೇ ಇರೋ ಸಾಧ್ಯತೆಯೇ ತುಂಬ ಜಾಸ್ತಿ.

ಚಿಕ್ಕವನಿಗೂ ಪಾಲು ಕೊಡಿ. 9 ವರ್ಷದವನು ತನ್ನ ಬ್ಯಾಗು, ಬಟ್ಟೆ, ಶೂ ತಾನೇ ಹಿಂದಿನ ರಾತ್ರಿ ಇಟ್ಟುಕೊಳ್ಳಬಹುದು. ಅಕ್ಕನ ಬೆಳಗಿನ ಇಪ್ಪತ್ತು ನಿಮಿಷ ಉಳಿಯಿತು. ಅವನ ಡೈರಿಗೆ ಸಹಿ, ಅವನಿಗೆ ಬೈಯೋದು, ಮಲಗು ಅನ್ನೋದು ನಿಮ್ಮ ಕೆಲಸ. ಅದಕ್ಕೆ ಕಾಲು ಗಟ್ಟಿ ಇರಬೇಕಾಗಿಲ್ಲ. ಮಗಳಿಗೂ ಅಷ್ಟೇ: ಇಷ್ಟು ಹೊತ್ತಿಗೆ ಫೋನ್ ಇಡು, ಯಾರ ಜೊತೆ ಹೋಗ್ತಿದೀಯ, ಈ ಮಾರ್ಕ್ಸ್ ಯಾಕೆ ಹೀಗೆ ಅಂತ ನೀವು ಕೇಳಬೇಕು. ಇಷ್ಟೆಲ್ಲ ಮಾಡ್ತಾಳೆ, ಅವಳನ್ನು ಹೇಗೆ ಕೇಳೋದು ಅಂತ ಹಿಂಜರಿಯಬೇಡಿ. ಗದರೋ ಅಮ್ಮ ಇನ್ನೂ ಇದಾಳೆ ಅನ್ನೋದು ಮಕ್ಕಳಿಗೆ ಧೈರ್ಯ, ಮುಖ ಸಿಂಡರಿಸಿದರೂ ಸರಿ.

ಕೌನ್ಸೆಲಿಂಗಿಗೆ ಕಳಿಸಲಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾತ್ರಿ ನಿದ್ದೆ ಸರಿಹೋಗೋ ಮುಂಚೆ ಕಳಿಸಿದರೆ ಪ್ರಯೋಜನ ಕಮ್ಮಿ. ಸುಸ್ತಾದ ಮಗುವಿಗೆ ಇನ್ನೊಂದು ಅಪಾಯಿಂಟ್‌ಮೆಂಟ್ ಆಗುತ್ತದೆ, ನನ್ನಲ್ಲೇ ಏನೋ ದೋಷ ಇದೆ ಅನಿಸುತ್ತದೆ. ಮೊದಲು ಭಾರ ಇಳಿಸಿ, ಆರೆಂಟು ವಾರ ನೋಡಿ. ನಿದ್ದೆ ಸಿಕ್ಕ ಮೇಲೂ ಸಪ್ಪಗಿದ್ದರೆ, ಗೆಳತಿಯರು ಒಬ್ಬೊಬ್ಬರಾಗಿ ದೂರ ಆಗಿದ್ದರೆ, ಕಾರಣ ಇಲ್ಲದ ತಲೆನೋವು ಹೊಟ್ಟೆನೋವು ಮತ್ತೆ ಮತ್ತೆ ಬರುತ್ತಿದ್ದರೆ, ಮನೆಯಿಂದ ಹೊರಗೆ ಕಾಲಿಡೋಕೇ ಹೆದರುತ್ತಿದ್ದರೆ ಮಕ್ಕಳ ಮನೋವೈದ್ಯರಿಗೋ ಮನಶ್ಶಾಸ್ತ್ರಜ್ಞರಿಗೋ ತೋರಿಸಿ, ಒಬ್ಬಳೇ ಮಾತಾಡೋಕೆ ಬಿಡಿ, ಹೊರಗೆ ಬಂದ ಮೇಲೆ ಏನು ಹೇಳಿದೆ ಅಂತ ಕೆದಕಬೇಡಿ. ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ಇರೋದೇ ಬೇಡ ಅನ್ನೋ ಥರದ ಮಾತು ಒಂದು ಸಲ ಬಂದರೂ, ತಮಾಷೆಗೆ ಅಂದಳೇನೋ ಅಂತ ಬಿಡಬೇಡಿ, ಈ ಆರೆಂಟು ವಾರದ ಲೆಕ್ಕ ಅದಕ್ಕಲ್ಲ. ಅವಳನ್ನು ಒಬ್ಬಳೇ ಬಿಡದೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.